ಅಡಿಗಲ್ಲಿಗೆ ಅಡಿ ಎಲ್ಲಿದೆ?

ಅಡಿಗಲ್ಲು ಅನ್ನೋ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ದೊಡ್ಡವರು ಹಾರ ಹಾಕಿಸಿಕೊಂಡು, ಗಾರೆ ಸವರಿ ಇಡೋದು ಒಂದು ಅಡಿಗಲ್ಲು. ಕಮ್ಮಾರ ಕಾದ ಕಬ್ಬಿಣ ಇಟ್ಟು ಬಡಿಯೋದು ಇನ್ನೊಂದು ಅಡಿಗಲ್ಲು. ಮೊದಲನೇದರ ಮೇಲೆ ಹೆಸರು, ತಾರೀಖು ಕೆತ್ತಿರ್ತಾರೆ. ಎರಡನೇದರ ಮೇಲೆ ಸುತ್ತಿಗೆ ಗಾಯ ಬಿಟ್ಟರೆ ಏನೂ ಇಲ್ಲ. ನಮ್ಮ ಇತಿಹಾಸಕಾರರು ಮೊದಲನೇದನ್ನ ಓದಿಕೊಂಡು ಪುಸ್ತಕ ಬರೆದರು. ಆ ಹೆಸರು ಕೆತ್ತಿದ ಉಳಿ ಚೂಪಾಗಿದ್ದು ಎರಡನೇದರ ಮೇಲೆ ಅನ್ನೋದು ಅವರಿಗೆ ಹೊಳೆಯಲೇ ಇಲ್ಲ.

ದಕ್ಷಿಣ ಬೆಂಗಳೂರನ್ನೇ ನೋಡಿ. 1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಬಂತು. 1948ರಲ್ಲಿ ಜಯನಗರ ಶುರುವಾಯಿತು. ಆಮೇಲೆ ಬನಶಂಕರಿ, ಜೆ.ಪಿ. ನಗರ. 1976ರಲ್ಲಿ ಬೋರ್ಡಿನ ಜಾಗಕ್ಕೆ ಬಿ.ಡಿ.ಎ. ಬಂತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಅನ್ನೋ ಮೂರು ಊರುಗಳು ಬಿ.ಟಿ.ಎಂ. ಅನ್ನೋ ಮೂರು ಇಂಗ್ಲಿಷ್ ಅಕ್ಷರವಾಗಿ ಹೋದವು. ಸಿದ್ದಾಪುರ, ಯಡಿಯೂರು, ಸಾರಕ್ಕಿ, ಕತ್ರಿಗುಪ್ಪೆಗಳ ಹೊಲ ಸೈಟುಗಳಾದವು.

ಈ ಸೈಟುಗಳಲ್ಲಿ ಎದ್ದ ಹಳೆಯ ಮನೆಗಳ ಪಾಯ ಕಲ್ಲಿನದು. ಕಾಂಪೌಂಡು ಕಲ್ಲು, ಚರಂಡಿಯ ಚಪ್ಪಡಿ ಕಲ್ಲು. ಈ ಕಲ್ಲು ಒಡೆದವರಲ್ಲಿ ಬಹಳ ಮಂದಿ ಒಡ್ಡರು, ಇವತ್ತಿನ ಕಾಗದದಲ್ಲಿ ಭೋವಿಗಳು. ನಮ್ಮ ನೆಲದ ಕರಿಬಿಳಿ ಕಲ್ಲು ಎಷ್ಟು ಗಟ್ಟಿ ಅಂತ ಲಾಲ್‌ಬಾಗಿನ ಬಂಡೆ ಹತ್ತಿದವರಿಗೆ ಗೊತ್ತು. ಅದಕ್ಕೆ ಮುನ್ನೂರು ಕೋಟಿ ವರ್ಷ ಅಂತಾರೆ ಭೂವಿಜ್ಞಾನಿಗಳು. ಅಂಥ ಕಲ್ಲಿಗೆ ಬಡಿದ ಚಾಣ ಬೇಗ ಮೊಂಡಾಗುತ್ತೆ. ಮತ್ತೆ ಕಾಯಿಸಬೇಕು, ತಟ್ಟಬೇಕು, ನೀರು ಕುಡಿಸಿ ಹದ ಮಾಡಬೇಕು. ಹಾಗಾಗಿ ಕಲ್ಲು ಕೆಲಸ ಇದ್ದ ಕಡೆಯಲ್ಲೆಲ್ಲ ಒಂದು ಪುಟ್ಟ ಕುಲುಮೆ, ಒಂದು ಅಡಿಗಲ್ಲು ಬೇಕೇ ಬೇಕು.

ಎಂಥ ಅಡಿಗಲ್ಲು? ಅಂಗಡಿಯಲ್ಲಿ ಕೊಂಡದ್ದಲ್ಲ. ರೈಲು ಕಂಬಿಯ ತುಂಡು.

ಮೈಸೂರು ಸೀಮೆಗೆ ಕಬ್ಬಿಣ ಹೊಸದಲ್ಲ. 1800-01ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾಗಡಿ ಕಡೆ ಜನ ಕಪ್ಪು ಮರಳಿಂದ ಕಬ್ಬಿಣ ತೆಗೆಯೋದನ್ನ, ಮೂಸೆಯಲ್ಲಿ ಉಕ್ಕು ಮಾಡೋದನ್ನ ಕಣ್ಣಾರೆ ಕಂಡು ಬರೆದ. ಕಣದಲ್ಲಿ ರಾಶಿ ಹಂಚುವಾಗ ಕಮ್ಮಾರನಿಗೆ ಎಷ್ಟು ಪಾಲು ಅಂತಲೂ ಬರೆದ. ಮುಂದೆ ಇಂಗ್ಲೆಂಡಿನ ಅಗ್ಗದ ಕಬ್ಬಿಣ ಬಂತು. ನಮ್ಮ ಒಲೆಗಳು ಆರಿದವು. 1864ರಲ್ಲಿ ಬೆಂಗಳೂರಿಗೆ ರೈಲು ಬಂತು, 1882ರ ಹೊತ್ತಿಗೆ ಮೈಸೂರಿಗೂ ಹೋಯಿತು. ಸವೆದ ಕಂಬಿ ಹರಾಜಾಗಿ, ಗುಜರಿ ಸೇರಿ, ತುಂಡು ತುಂಡಾಗಿ ಕುಲುಮೆಗೆ ಬಂತು. ಉಕ್ಕು ಮಾಡಿ ಮಾರಿದ ಸೀಮೆಯ ಕೈಗೆ ಸಿಕ್ಕಿದ್ದು ಗುಜರಿ ಉಕ್ಕು.

ಆದರೆ ಕೈಗಳು ಅದನ್ನೂ ಗೆದ್ದವು. ರೈಲಿನ ಉಕ್ಕಲ್ಲಿ ಇಂಗಾಲ ಜಾಸ್ತಿ, ಸುಲಭಕ್ಕೆ ತಗ್ಗು ಬೀಳಲ್ಲ. ತೊಂಬತ್ತು ಪೌಂಡಿನ ಕಂಬಿ ಅಂದರೆ ಮೀಟರಿಗೆ ಸುಮಾರು 44.6 ಕೆ.ಜಿ. ಎರಡಡಿ ತುಂಡು ಇಪ್ಪತ್ತೇಳು ಕೆ.ಜಿ. ತೂಗುತ್ತೆ. ಅದನ್ನ ಮಲಗಿಸಿದರೆ ಉದ್ದನೆ ಮೈ ಸಿಗುತ್ತೆ, ಆದರೆ ತೆಳು ಸೊಂಟ ಪುಟಿಯುತ್ತೆ. ನೆಟ್ಟಗೆ ನಿಲ್ಲಿಸಿದರೆ ಬಡಿಯೋ ಜಾಗ ಚಿಕ್ಕದು, ಆದರೆ ಏಟಿನ ಕೆಳಗೆ ಅಷ್ಟೂ ತೂಕ ಬಂದು ನಿಲ್ಲುತ್ತೆ. ಚಾಣದ ಮೊನೆ ತಟ್ಟೋಕೆ ಅಷ್ಟು ಜಾಗ ಸಾಕು.

ಇನ್ನು ಅಡಿ. ಅಡಿಗಲ್ಲು ಅಲ್ಲಾಡಿದರೆ ಏಟಿನ ಬಲ ಕಬ್ಬಿಣಕ್ಕೆ ಹೋಗಲ್ಲ, ಅಲ್ಲಾಟಕ್ಕೆ ಹೋಗುತ್ತೆ. ದಣಿಯೋದು ತೋಳು. ಅದಕ್ಕೇ ಹುಣಸೆಯಂಥ ಗಟ್ಟಿ ಮರದ ಬೊಡ್ಡೆ ಬೇಕು. ಎಳೆ ನೆಟ್ಟಗೆ ನಿಂತಿರಬೇಕು, ಅಡ್ಡಕ್ಕೆ ಮಲಗಿದ್ದರೆ ಏಟಿಗೆ ಸೀಳುತ್ತೆ. ಬೊಡ್ಡೆ ಒಡೆಯದ ಹಾಗೆ ಮೇಲೆ ಕಬ್ಬಿಣದ ಪಟ್ಟಿ. ನೆಲದಲ್ಲಿ ಕುಳಿ ತೋಡಿ, ಬೊಡ್ಡೆ ಹೂತು, ಸುತ್ತ ಮಣ್ಣು ಗಿಡಿಯಬೇಕು. ನಿಂತು ಬಡಿಯೋನಿಗೆ, ಇಳಿಬಿಟ್ಟ ಕೈಯ ಮುಷ್ಟಿ ತಾಗೋ ಎತ್ತರ. ಕೂತು ಬಡಿಯೋನಿಗೆ ಇನ್ನೂ ತಗ್ಗು. ಒಂದು ಗೇಣು ಹೆಚ್ಚಾದರೆ ಹೆಗಲು ಹೋಯಿತು, ಕಮ್ಮಿಯಾದರೆ ಸೊಂಟ ಹೋಯಿತು. ಈ ಅಳತೆ ಯಾವ ಎಂಜಿನಿಯರೂ ಹೇಳಿಕೊಟ್ಟದ್ದಲ್ಲ. ನೋವು ಹೇಳಿಕೊಟ್ಟದ್ದು.

ಇಲ್ಲಿ ನಮ್ಮ ಮನೆಯ ಮಾತೂ ಆಡಬೇಕು. ಕುಲುಮೆಯ ಬೆಂಕಿಗೆ ಉಸಿರು ಕೊಟ್ಟದ್ದು ತೊಗಲಿನ ತಿದಿ. ತೊಗಲು ಹದ ಮಾಡಿದವರು ಮಾದಿಗರು. ತಿದಿಯನ್ನ ದಿನವೆಲ್ಲ ಮುಟ್ಟಬಹುದು, ಅದನ್ನ ಹದ ಮಾಡಿದ ಕೈ ಮುಟ್ಟಬಾರದು ಅಂದ ಊರು ನಮ್ಮದು. ಕಮ್ಮಾರನ ಬಡತನ ನಿಜ. ಅವನ ಹೊಸ್ತಿಲಾಚೆ ನಿಂತವನ ಬಡತನ ಅದಕ್ಕಿಂತ ನಿಜ. ಬೆಂಕಿ ಒಂದೇ ಆದರೂ ಜಾತಿ ಕರಗಲಿಲ್ಲ. ಇದನ್ನ ಮುಚ್ಚಿಟ್ಟು ಶ್ರಮದ ಹಾಡು ಹಾಡಿದರೆ ಅದು ಸುಳ್ಳು ಹಾಡು.

ಈ ಕಂಬಿ ತುಂಡಿಗೆ ಇನ್ನೊಂದು ಕತೆ ಉಂಟು. 1966ರಲ್ಲಿ ರೈಲ್ವೆ ಸ್ವತ್ತಿನ ಅಕ್ರಮ ಸ್ವಾಧೀನದ ಕಾಯಿದೆ ಬಂತು. ಕದ್ದ ಮಾಲು ಅಂತ ನ್ಯಾಯವಾದ ಅನುಮಾನ ಬಂದರೆ ಸಾಕು, ನ್ಯಾಯವಾಗೇ ಬಂತು ಅಂತ ರುಜುವಾತು ಮಾಡೋ ಹೊರೆ ಇಟ್ಟುಕೊಂಡವನದು. ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು. ಸರ್ಕಾರದ ಸ್ವತ್ತು ಉಳಿಯಬೇಕು, ಸರಿ. ಆದರೆ ಗುಜರಿಯಲ್ಲಿ ಕೊಂಡ ತುಂಡಿಗೆ ರಸೀತಿ ಕೊಡೋರು ಯಾರು? ಅಪ್ಪನಿಂದ ಮಗನಿಗೆ ಬಂದ ತುಂಡಿಗೆ ಕಾಗದ ಎಲ್ಲಿಂದ ತರೋದು? ಅಲೆಮಾರಿ ಜಾತಿಗಳನ್ನ ಹುಟ್ಟಾ ಕಳ್ಳರು ಅಂದ 1871ರ ಕಾಯಿದೆ 1952ರಲ್ಲಿ ರದ್ದಾಯಿತು. ಅನುಮಾನ ರದ್ದಾಗಲಿಲ್ಲ.

ಇವತ್ತು ಬಡಾವಣೆಗಳಲ್ಲಿ ಕುಳಿ ತೋಡೋಕೆ ಮಣ್ಣೇ ಇಲ್ಲ. ಎಲ್ಲಾ ಕಾಂಕ್ರೀಟು. ಫುಟ್‌ಪಾತಿನ ಮೇಲೆ ಮಚ್ಚು, ಕೊಡಲಿ, ಉಳಿ ತಟ್ಟಿಕೊಡೋರಿಗೆ ಬೊಡ್ಡೆ ಹೂಳೋ ಹಾಗಿಲ್ಲ. ಹೂತರೆ ಎಬ್ಬಿಸುವಾಗ ಬಿಟ್ಟು ಓಡಬೇಕು. ಅದಕ್ಕೇ ಅಡಿ ಹಗುರಾಯಿತು. ಮರಳು ತುಂಬಿದ ಡಬ್ಬ, ಬೆಸೆದ ಆಂಗಲ್ ಕಾಲು, ಕೈಲಿ ಎತ್ತೋ ಹಾಗಿರೋ ತುಂಡು. ಅಡಿ ಹಗುರಾದಷ್ಟೂ ತೋಳಿಗೆ ಭಾರ.

2014ರ ಬೀದಿ ವ್ಯಾಪಾರಿಗಳ ಕಾಯಿದೆ ಬೀದಿಯಲ್ಲಿ ಮಾರೋರನ್ನಷ್ಟೇ ಅಲ್ಲ, ಸೇವೆ ಕೊಡೋರನ್ನೂ ಲೆಕ್ಕಕ್ಕೆ ತಗೊಂಡಿದೆ. ಹಾಗಿದ್ದಮೇಲೆ ಕುಲುಮೆಯವರೂ ಆ ಲೆಕ್ಕಕ್ಕೆ ಬರಬೇಕು. ಮೂವತ್ತು ನಲವತ್ತರ ಸೈಟು ಅವರು ಕೇಳ್ತಿಲ್ಲ. ಈ ಊರಿನ ಪಾಯದ ಕಲ್ಲು ಒಡೆದ ಚಾಣಗಳನ್ನ ತಟ್ಟಿಕೊಟ್ಟವರಿಗೆ ಒಂದು ಬೊಡ್ಡೆ ಹೂಳೋವಷ್ಟು, ಎರಡಡಿ ನೆಲ. ಅಷ್ಟನ್ನೂ ಕೊಡದ ಊರು ಇನ್ನೆಷ್ಟು ಅಡಿಗಲ್ಲು ಇಟ್ಟರೇನು ಬಂತು?