ಕಣ್ಣಿಡಬಾರದ ಸೂಕ್ಷ್ಮದರ್ಶಕ

ಹಳೆಯ ಮತದಾರರ ಗುರುತಿನ ಚೀಟಿಯಲ್ಲಿ, ಕ್ರೆಡಿಟ್ ಕಾರ್ಡಿನಲ್ಲಿ, ಕೆಲವು ಔಷಧದ ಪೊಟ್ಟಣಗಳ ಮೇಲೆ ಬಣ್ಣ ಬದಲಿಸುತ್ತ ಮಿನುಗುವ ಪುಟ್ಟ ಚಿತ್ರವನ್ನು ಎಲ್ಲರೂ ನೋಡಿರುತ್ತಾರೆ. ಅದೇ ಹೊಲೋಗ್ರಾಂ. ನಕಲಿಗಳನ್ನು ತಡೆಯಲೆಂದೇ ಇದು ಹುಟ್ಟಿತೆಂಬುದು ಹಲವರ ತಿಳಿವಳಿಕೆ. ವಾಸ್ತವವಾಗಿ ಹೊಲೋಗ್ರಾಂ ಹುಟ್ಟಿದ್ದು ಸೂಕ್ಷ್ಮದರ್ಶಕಕ್ಕಾಗಿ. ಹುಟ್ಟಿದ ಮನೆಗೆ ಅದು ಮರಳಲು ಸುಮಾರು ಅರ್ಧ ಶತಮಾನ ಹಿಡಿಯಿತು. ಇಂದು ಮೇಜಿನ ಮೇಲೆ ಕೂರುವ ಹೊಲೋಗ್ರಾಫಿಕ್ ಸೂಕ್ಷ್ಮದರ್ಶಕದ ಶಕ್ತಿ ಮತ್ತು ಅಪಾಯ ಎರಡರ ಮೂಲವೂ ಈ ಇತಿಹಾಸದಲ್ಲಿದೆ.

ಡೆನ್ನಿಸ್ ಗಾಬೋರ್ 1900ರಲ್ಲಿ ಹಂಗೆರಿಯ ಬುಡಾಪೆಸ್ಟ್‌ನಲ್ಲಿ ಜನಿಸಿದ ಎಂಜಿನಿಯರ್. ಜರ್ಮನಿಯಲ್ಲಿ ಕೆಲಸದಲ್ಲಿದ್ದ ಆತ 1933ರಲ್ಲಿ ಹಿಟ್ಲರ್ ಅಧಿಕಾರಕ್ಕೇರಿದ ಮೇಲೆ ಆ ದೇಶ ತೊರೆದು ಇಂಗ್ಲೆಂಡ್ ಸೇರಿದ. ರಗ್ಬಿ ಪಟ್ಟಣದ ಬ್ರಿಟಿಷ್ ಥಾಮ್ಸನ್-ಹ್ಯೂಸ್ಟನ್ ಕಂಪೆನಿಯ ಪ್ರಯೋಗಾಲಯದಲ್ಲಿ 1947ರ ಸುಮಾರಿಗೆ ಆತನನ್ನು ಕಾಡುತ್ತಿದ್ದುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮಿತಿ. ಅದರ ಮಸೂರಗಳ ದೋಷದಿಂದಾಗಿ ಪರಮಾಣುಗಳಷ್ಟು ಚಿಕ್ಕದನ್ನು ಬಿಡಿಸಿ ನೋಡಲು ಆಗುತ್ತಿರಲಿಲ್ಲ. ಮಸೂರವನ್ನು ತಿದ್ದಲಾಗದಿದ್ದರೆ ಬೇಡ, ಚಿತ್ರ ಕೆಟ್ಟದಾದರೂ ಅದರಲ್ಲಿ ಎಲ್ಲ ಮಾಹಿತಿಯೂ ಇರುವಂತೆ ಹಿಡಿದು ಆಮೇಲೆ ತಿದ್ದಿಕೊಂಡರೆ ಹೇಗೆ ಎಂದು ಗಾಬೋರ್ ಯೋಚಿಸಿದ.

‘ಎಲ್ಲ ಮಾಹಿತಿ’ ಎಂದರೇನು? ಬೆಳಕು ಅಲೆಗಳ ರೂಪದಲ್ಲಿ ಸಾಗುತ್ತದೆ. ಸಾಧಾರಣ ಫೋಟೋದಲ್ಲಿ ಬೆಳಕು ಎಷ್ಟು ಪ್ರಖರವಾಗಿತ್ತು ಎಂಬುದಷ್ಟೇ ದಾಖಲಾಗುತ್ತದೆ. ಯಾವ ಅಲೆ ಮುಂದಿತ್ತು, ಯಾವುದು ಹಿಂದೆ ಬಿದ್ದಿತ್ತು ಎಂಬ ಲೆಕ್ಕ ಕಳೆದುಹೋಗುತ್ತದೆ. ಕೆರೆಗೆ ಎರಡು ಕಲ್ಲುಗಳನ್ನು ಒಟ್ಟಿಗೆ ಎಸೆದರೆ ಎರಡೂ ಕಡೆಯ ಅಲೆಗಳು ಸೇರಿ ಒಂದು ವಿನ್ಯಾಸ ಮೂಡುತ್ತದಲ್ಲವೆ? ಹಾಗೆಯೇ ವಸ್ತುವನ್ನು ಮುಟ್ಟಿ ಬಂದ ಬೆಳಕನ್ನೂ ಮುಟ್ಟದೆ ಬಂದ ಬೆಳಕನ್ನೂ ಒಂದೆಡೆ ಸೇರಿಸಿದರೆ ಕಪ್ಪು-ಬಿಳುಪು ಪಟ್ಟೆಗಳು ಮೂಡುತ್ತವೆ. ಕಳೆದುಹೋಗುತ್ತಿದ್ದ ಲೆಕ್ಕ ಆ ಪಟ್ಟೆಗಳಲ್ಲಿ ಉಳಿಯುತ್ತದೆ. ಗ್ರೀಕ್ ಭಾಷೆಯಲ್ಲಿ ‘ಹೊಲೋಸ್’ ಎಂದರೆ ಪೂರ್ಣ. ಹೊಲೋಗ್ರಾಂ ಎಂಬ ಹೆಸರು ಬಂದದ್ದು ಹೀಗೆ.

1948ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಗಾಬೋರ್ ತನ್ನ ತತ್ವವನ್ನು ಪ್ರಕಟಿಸಿದ. ಪ್ರಯೋಗಕ್ಕೆ ಆತ ಬಳಸಿದ್ದು ಪಾದರಸದ ದೀಪ. ಚಿತ್ರಿಸಿದ್ದು ಬೆಳಕಿನ ಅಲೆಸಿದ್ಧಾಂತ ಕಟ್ಟಿದ ಹೈಗನ್ಸ್, ಯಂಗ್, ಫ್ರೆನೆಲ್ ಎಂಬ ಮೂವರ ಹೆಸರುಗಳನ್ನು. ಆದರೆ ಅಲೆಗಳು ಹೆಜ್ಜೆ ತಪ್ಪದೆ ಒಟ್ಟಿಗೆ ಸಾಗುವಂಥ ಬೆಳಕು ಆ ದೀಪದಿಂದ ಬೇಕಾದಷ್ಟು ಸಿಗುತ್ತಿರಲಿಲ್ಲ. ಜೊತೆಗೆ ಮೂಲ ಚಿತ್ರದ ಮೇಲೆ ಇನ್ನೊಂದು ಅವಳಿ ಚಿತ್ರ ಬಿದ್ದು ಮಸುಕಾಗುತ್ತಿತ್ತು. ವಿಚಾರ ಸರಿಯಿತ್ತು, ಬೆಳಕು ಸಾಲದಾಗಿತ್ತು.

ಆ ಬೆಳಕು ಸಿಕ್ಕಿದ್ದು 1960ರಲ್ಲಿ, ಅಮೆರಿಕದ ಥಿಯೊಡೋರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದಾಗ. ಮಿಷಿಗನ್ ವಿಶ್ವವಿದ್ಯಾಲಯದ ಎಮೆಟ್ ಲೀತ್ ಮತ್ತು ಯೂರಿಸ್ ಉಪಟ್ನಿಕ್ಸ್ ಎರಡು ಕಿರಣಗಳನ್ನು ಓರೆಯಾಗಿ ಸೇರಿಸಿ ಅವಳಿ ಚಿತ್ರವನ್ನು ಬೇರ್ಪಡಿಸಿದರು. ಬಳಿಕ ಲೇಸರ್ ಬಳಸಿ 1964ರಲ್ಲಿ ಆಟಿಕೆ ರೈಲೊಂದರ ಮೂರು ಆಯಾಮದ ಹೊಲೋಗ್ರಾಂ ತೋರಿಸಿದರು. ಗಾಬೋರ್‌ಗೆ 1971ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಸೂಕ್ಷ್ಮದರ್ಶಕಕ್ಕೆ ಮಾತ್ರ ಇನ್ನೂ ಒಂದು ಕೊರತೆಯಿತ್ತು. ಫೋಟೋ ಫಲಕವನ್ನು ತೊಳೆದು, ಒಣಗಿಸಿ, ಮತ್ತೆ ಬೆಳಕು ಹಾಯಿಸಿ ನೋಡುವ ಹೊತ್ತಿಗೆ ಸ್ಲೈಡಿನ ಮೇಲಿನ ಜೀವಕೋಶ ಸತ್ತಿರುತ್ತಿತ್ತು. 1994ರಲ್ಲಿ ಜರ್ಮನಿಯ ಷ್ನಾರ್ಸ್ ಮತ್ತು ಯೂಪ್ಟ್ನರ್ ಪಟ್ಟೆಗಳನ್ನು ನೇರವಾಗಿ ಎಲೆಕ್ಟ್ರಾನಿಕ್ ಕ್ಯಾಮೆರಾದಿಂದ ಹಿಡಿದು, ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ಚಿತ್ರ ತೆಗೆದರು.

ಇದರ ಲಾಭ ಸಣ್ಣದಲ್ಲ. ಜೀವಂತ ಕೋಶಗಳು ಬಹುಪಾಲು ಪಾರದರ್ಶಕ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಕಾಣಬೇಕಾದರೆ ಅನೇಕ ಸಲ ಬಣ್ಣ ಹಾಕಬೇಕು, ಎಷ್ಟೋ ಬಣ್ಣಗಳು ಕೋಶವನ್ನು ಕೊಲ್ಲುತ್ತವೆ. ಹೊಲೋಗ್ರಾಫಿಕ್ ಸೂಕ್ಷ್ಮದರ್ಶಕವು ಕೋಶದ ಮೂಲಕ ಹಾದ ಬೆಳಕು ಎಷ್ಟು ತಡವಾಯಿತೆಂದು ಅಳೆದು, ಬಣ್ಣವಿಲ್ಲದೆಯೇ ಅದರ ದಪ್ಪವನ್ನು ತಿಳಿಸಬಲ್ಲದು.

ಇಂಥ ಉಪಕರಣವನ್ನು ಮೇಜಿನ ಮೇಲೆ ಸ್ಥಾಪಿಸುವಾಗ ಮೊದಲು ಬೇಕಾದದ್ದು ಅಲುಗದ ಮೇಜು. ಕೆಂಪು ಲೇಸರಿನ ಸಾವಿರದೈನೂರಕ್ಕೂ ಹೆಚ್ಚು ಅಲೆಗಳು ಒಂದು ಮಿಲಿಮೀಟರಿನಲ್ಲಿ ಹಿಡಿಯುತ್ತವೆ. ಚಿತ್ರ ಹಿಡಿಯುವಾಗ ಅಂಥ ಒಂದು ಅಲೆಯ ಅರ್ಧದಷ್ಟು ಅಲುಗಿದರೂ ಪಟ್ಟೆಗಳು ಕಲಸಿಹೋಗುತ್ತವೆ. ಆದ್ದರಿಂದ ಫ್ಯಾನಿನ ಗಾಳಿ, ಲಾರಿ ಓಡಾಡುವ ರಸ್ತೆ ಬದಿಯ ಗೋಡೆ ಎರಡೂ ದೂರವಿರಬೇಕು. ಲೇಸರ್ ಹೊತ್ತಿಸಿ ಸ್ಥಿರವಾಗುವವರೆಗೆ ಕಾಯಬೇಕು. ಮೊದಲು ಮಾದರಿಯಿಲ್ಲದ ಖಾಲಿ ಸ್ಲೈಡಿನ ಹೊಲೋಗ್ರಾಂ ತೆಗೆದಿಟ್ಟುಕೊಂಡರೆ ಉಪಕರಣದ ಸ್ವಂತ ದೋಷವನ್ನು ಆಮೇಲೆ ಕಳೆಯಬಹುದು.

ಅದಕ್ಕಿಂತ ಮುಖ್ಯವಾದದ್ದು ಕಣ್ಣಿನ ರಕ್ಷಣೆ. ಲೇಸರಿನ ಶಕ್ತಿ ಕೆಲವೇ ಮಿಲಿವ್ಯಾಟ್, ಮಲಗುವ ಕೋಣೆಯ ಝೀರೋ ಬಲ್ಬಿಗಿಂತ ಎಷ್ಟೋ ಪಾಲು ಕಡಿಮೆ. ಅದಕ್ಕೇ ಜನ ಮೋಸಹೋಗುವುದು. ಬಲ್ಬಿನ ಬೆಳಕು ಎಲ್ಲ ದಿಕ್ಕಿಗೂ ಹರಡುತ್ತದೆ. ಲೇಸರ್ ಕಿರಣವನ್ನು ಕಣ್ಣಿನ ಮಸೂರವು ಅಕ್ಷಿಪಟಲದ ಒಂದು ಚುಕ್ಕೆಯ ಮೇಲೆ, ಸುಮಾರು ಒಂದು ಲಕ್ಷ ಪಟ್ಟು ತೀಕ್ಷ್ಣವಾಗಿ ಕೂಡಿಸುತ್ತದೆ. ಅಕ್ಷಿಪಟಲಕ್ಕೆ ನೋವು ತಿಳಿಯದು, ಸುಟ್ಟ ಜಾಗದ ದೃಷ್ಟಿ ಮರಳದೆಯೂ ಹೋಗಬಹುದು. ಕಣ್ಣಿಗೆ ಕಾಣುವ, 1 ಮಿಲಿವ್ಯಾಟ್ ಮೀರದ ‘2ನೇ ದರ್ಜೆ’ಯ ಲೇಸರಿನಿಂದ ರೆಪ್ಪೆ ಮಿಟುಕಿಸುವ ಸಹಜಗುಣವೇ ಕಾಪಾಡುತ್ತದೆ. ‘3ಬಿ’ ದರ್ಜೆಯದಾದರೆ ರೆಪ್ಪೆ ಮುಚ್ಚುವುದರೊಳಗೆ ಹಾನಿ ಆಗಿಬಿಡಬಹುದು.

ನಿಯಮಗಳು ಸರಳ. ಲೇಸರಿನ ದರ್ಜೆಯನ್ನು ಮೊದಲು ಓದಿಕೊಳ್ಳಬೇಕು. ಕಿರಣದ ದಾರಿ ಕುಳಿತವರ ಕಣ್ಣಿನ ಮಟ್ಟದಲ್ಲಿ ಇರಬಾರದು, ಅದರ ಕೊನೆಗೆ ಹೊಳಪಿಲ್ಲದ ತಡೆ ಇರಬೇಕು. ಉಂಗುರ, ಬಳೆ, ಗಡಿಯಾರ ತೆಗೆದಿಟ್ಟೇ ಒಳಗೆ ಕೈ ಹಾಕಬೇಕು, ಏಕೆಂದರೆ ಅವುಗಳಿಂದ ಪ್ರತಿಫಲಿಸಿದ ಕಿರಣವೂ ಕಿರಣವೇ. ಜೋಡಣೆಯನ್ನು ಅತಿ ಕಡಿಮೆ ಶಕ್ತಿಯಲ್ಲಿ ಮಾಡಬೇಕು. ಬಿಸಿಲಿನ ಕಪ್ಪು ಕನ್ನಡಕ ರಕ್ಷಣೆಯಲ್ಲ. ಆಯಾ ಲೇಸರಿನ ಅಲೆಯುದ್ದಕ್ಕೆಂದೇ ತಯಾರಿಸಿದ ಕನ್ನಡಕ ಬೇಕು. ಮುಚ್ಚಳ ತೆಗೆಯುವ ಮೊದಲು ಲೇಸರ್ ಆರಿಸಬೇಕು.

ಹದಿನೇಳನೆಯ ಶತಮಾನದಲ್ಲಿ ಹಾಲೆಂಡಿನ ಲೀವೆನ್‌ಹುಕ್ ಪುಟ್ಟ ಮಸೂರಕ್ಕೆ ಕಣ್ಣು ತಾಗಿಸಿ ನೀರಿನ ಹನಿಯೊಳಗಿನ ಜೀವಿಗಳನ್ನು ಕಂಡ. ಅಂದಿನಿಂದ ಸೂಕ್ಷ್ಮದರ್ಶಕವೆಂದರೆ ಬಗ್ಗಿ ಕಣ್ಣಿಟ್ಟು ನೋಡುವುದೆಂದೇ ರೂಢಿ. ಗಾಬೋರ್‌ನ ವಿಚಾರ ಆ ರೂಢಿಯನ್ನು ತಿರುಗಿಸಿತು. ಇಲ್ಲಿ ಕಿರಣವನ್ನು ನೋಡುವ ಕೆಲಸ ಕ್ಯಾಮೆರಾದ್ದು, ಮನುಷ್ಯ ನೋಡಬೇಕಾದದ್ದು ಪರದೆಯನ್ನು. ಹಳೆಯ ಅಭ್ಯಾಸದಿಂದ ಯಾರಾದರೂ ಇಣುಕಲು ಹೋದರೆ, ಕಾಣದ್ದನ್ನು ಕಾಣಿಸುವ ಯಂತ್ರವೇ ಇದ್ದ ದೃಷ್ಟಿಯನ್ನೂ ಕಸಿದುಕೊಂಡೀತು.