ಹುಡುಕು ಸೇವೆ ತಾನಾಗಿ ಏಳಬೇಕಾದರೆ: ಲಿನಕ್ಸಿನಲ್ಲಿ ಆರಂಭಿಕ ಸ್ಕ್ರಿಪ್ಟ್ ಬರೆಯುವ ಕ್ರಮ

ಅಮೆರಿಕದ ನಮ್ಮ ಊರಿನ ಕನ್ನಡ ಕೂಟವು ವರ್ಷಕ್ಕೊಮ್ಮೆ ಹೊರತರುವ ಸ್ಮರಣ ಸಂಚಿಕೆಗಳನ್ನು ಜಾಲತಾಣದಲ್ಲಿ ಹುಡುಕಿ ಓದಲು ಅನುಕೂಲವಾಗುವಂತೆ ಮಾಡುವ ಕೆಲಸವನ್ನು 2013ರಲ್ಲಿ ನಾನು ವಹಿಸಿಕೊಂಡೆ. ಪುಟಗಳನ್ನು ಸ್ವಯಂಸೇವಕರು ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿದರು; ಹುಡುಕಾಟಕ್ಕೆಂದು ಸೋಲರ್ ಎಂಬ ತಂತ್ರಾಂಶವನ್ನು ನಾನು ಬಾಡಿಗೆಯ ಲಿನಕ್ಸ್ ಸರ್ವರಿನಲ್ಲಿ ಸ್ಥಾಪಿಸಿದೆ. ಟರ್ಮಿನಲ್ ತೆರೆದು ಒಂದು ಆದೇಶ ಕೊಟ್ಟೆ, ಸೇವೆ ಓಡತೊಡಗಿತು. ಕೆಲಸ ಮುಗಿಯಿತೆಂದು ನಂಬಿದೆ.

ಕೆಲವು ತಿಂಗಳ ನಂತರ ದುರಸ್ತಿಗಾಗಿ ಆ ಸರ್ವರನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಲಾಯಿತು. ಜಾಲತಾಣ ಎದ್ದಿತು, ಸೋಲರ್ ಏಳಲಿಲ್ಲ. ಸೇವೆ ಸಿಗದಿದ್ದಾಗ ಹಾಗೆಂದು ಹೇಳುವ ಬದಲು, ನಾನು ಬರೆದಿದ್ದ ಪುಟವು "ಯಾವ ಫಲಿತಾಂಶವೂ ಇಲ್ಲ" ಎಂದು ತೋರಿಸುತ್ತಿತ್ತು. ಒಂಬತ್ತು ದಿನ ಯಾರ ಗಮನಕ್ಕೂ ಬರಲಿಲ್ಲ. ಆ ದಿನಗಳಲ್ಲಿ ಕೂಟದ ಸದಸ್ಯೆಯೊಬ್ಬರು ತೀರಿಹೋದ ತಮ್ಮ ತಂದೆಯವರ ಪ್ರಬಂಧವನ್ನು ಹುಡುಕಿ, ಅದು ಸಂಗ್ರಹದಲ್ಲಿ ಇಲ್ಲವೆಂದೇ ತಿಳಿದು ಸುಮ್ಮನಾಗಿದ್ದರು. ಬೇರೆ ಸೇವೆ ನಿಂತರೆ ನಿಂತಿದೆಯೆಂದು ಕಾಣುತ್ತದೆ. ಹುಡುಕು ಸೇವೆ ನಿಂತರೆ ಇರುವ ವಸ್ತುವೇ ಇಲ್ಲವೆಂಬ ಸುಳ್ಳು ಹುಟ್ಟಬಹುದು. ಆದ್ದರಿಂದ ಅದರ ಆರಂಭಿಕ ಸ್ಕ್ರಿಪ್ಟಿಗೆ ಸೇವೆಯನ್ನು ಎಬ್ಬಿಸುವುದಷ್ಟೇ ಕೆಲಸವಲ್ಲ. ಎದ್ದ ಸೇವೆ ಸರಿಯಾಗಿ ಉತ್ತರಿಸುವ ಸ್ಥಿತಿಯಲ್ಲಿರುವಂತೆಯೂ ಅದು ನೋಡಿಕೊಳ್ಳಬೇಕು. ಅಂತಹ ಸ್ಕ್ರಿಪ್ಟನ್ನು ಬರೆಯುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ಆದೇಶಗಳನ್ನೂ ಸಾಲುಗಳ ಹೆಸರುಗಳನ್ನೂ ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಕಡತದಲ್ಲಿ ಅವನ್ನು ರೋಮನ್ ಲಿಪಿಯಲ್ಲೇ ಬರೆಯಬೇಕು.

ಹುಡುಕು ಸೇವೆ ಎಂದರೇನು

ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುವಂತೆ, ಯಾವ ಪದ ಯಾವ ಬರಹದಲ್ಲಿದೆ ಎಂಬ ಸೂಚಿಯನ್ನು ಮೊದಲೇ ಸಿದ್ಧಪಡಿಸಿಟ್ಟುಕೊಂಡು, ಕೇಳಿದೊಡನೆ ಉತ್ತರ ಕೊಡುವ ತಂತ್ರಾಂಶವೇ ಹುಡುಕು ಸೇವೆ. ಇಂತಹ ಸೂಚಿಯನ್ನು ಕಟ್ಟುವ ಲೂಸೀನ್ ಎಂಬ ಜಾವಾ ಗ್ರಂಥಾಲಯವನ್ನು ಡಗ್ ಕಟಿಂಗ್ 1999ರಲ್ಲಿ ಬರೆದರು. ಅದರ ಮೇಲೆ ಯೋನಿಕ್ ಸೀಲಿ 2004ರಲ್ಲಿ ಸೋಲರನ್ನು ರೂಪಿಸಿದರು. 2006ರಲ್ಲಿ ಅದು ಅಪಾಚೆ ಪ್ರತಿಷ್ಠಾನಕ್ಕೆ ಸೇರಿತು. ಶೇ ಬ್ಯಾನನ್ ಅವರ ಎಲಾಸ್ಟಿಕ್‌ಸರ್ಚ್ 2010ರಲ್ಲಿ ಬಂದಿತು. ಅದರ ತಳಹದಿಯೂ ಲೂಸೀನ್. ವಾಡಿಕೆಯಂತೆ ಸೋಲರ್ 8983ನೆಯ ಪೋರ್ಟಿನಲ್ಲಿಯೂ ಎಲಾಸ್ಟಿಕ್‌ಸರ್ಚ್ 9200ನೆಯ ಪೋರ್ಟಿನಲ್ಲಿಯೂ ಪ್ರಶ್ನೆಗಳನ್ನು ಸ್ವೀಕರಿಸುತ್ತವೆ.

ಇವು ಗುಂಡಿ ಒತ್ತಿದೊಡನೆ ಬೆಳಗುವ ದೀಪಗಳಲ್ಲ. ಜಾವಾ ಯಂತ್ರ ಏಳಬೇಕು, ಮೆಮೊರಿ ಪಡೆಯಬೇಕು, ಸೂಚಿಯ ಕಡತಗಳನ್ನು ತೆರೆಯಬೇಕು, ಹಿಂದಿನ ಬಾರಿ ಪೂರ್ಣವಾಗಿ ದಾಖಲಾಗದೆ ಉಳಿದ ಬರಹಗಳಿದ್ದರೆ ಅವನ್ನು ವಹಿವಾಟಿನ ದಾಖಲೆಯಿಂದ ಮತ್ತೆ ಓದಿಕೊಳ್ಳಬೇಕು. ಪ್ರಕ್ರಿಯೆ ಹುಟ್ಟಿದ ಕ್ಷಣಕ್ಕೂ ಉತ್ತರಿಸಲು ಸಿದ್ಧವಾದ ಕ್ಷಣಕ್ಕೂ ನಡುವೆ ಕೆಲವು ಸೆಕೆಂಡುಗಳು, ಕೆಲವೊಮ್ಮೆ ನಿಮಿಷಗಳೇ ಹಿಡಿಯುತ್ತವೆ.

ಹಳೆಯ ಪದ್ಧತಿ ಮತ್ತು ನನ್ನ ಮೊದಲ ಸ್ಕ್ರಿಪ್ಟ್

ಬಹುಕಾಲ ಲಿನಕ್ಸ್ ಯಂತ್ರಗಳು ಯುನಿಕ್ಸಿನ ಸಿಸ್ಟಮ್ ಫೈವ್ ಪದ್ಧತಿಯನ್ನೇ ಅನುಸರಿಸಿದವು. ಪ್ರತಿ ಸೇವೆಗೂ ಒಂದು ಶೆಲ್ ಸ್ಕ್ರಿಪ್ಟ್. ಅದಕ್ಕೆ ಸ್ಟಾರ್ಟ್, ಸ್ಟಾಪ್, ರೀಸ್ಟಾರ್ಟ್, ಸ್ಟೇಟಸ್ ಎಂಬ ಪದಗಳಲ್ಲಿ ಒಂದನ್ನು ಕೊಟ್ಟರೆ ತಕ್ಕ ಕೆಲಸ ಮಾಡಬೇಕು. ಸೇವೆಯ ಪ್ರಕ್ರಿಯಾ ಸಂಖ್ಯೆಯನ್ನು ಒಂದು ಕಡತದಲ್ಲಿ ಬರೆದಿಟ್ಟುಕೊಂಡು, ನಿಲ್ಲಿಸುವಾಗ ಆ ಸಂಖ್ಯೆಯ ಪ್ರಕ್ರಿಯೆಗೆ ಸಂಕೇತ ಕಳುಹಿಸುವುದು ರೂಢಿ. ಯಂತ್ರ ಹಠಾತ್ತಾಗಿ ಆರಿದರೆ ಆ ಕಡತದಲ್ಲಿ ಹಳೆಯ ಸಂಖ್ಯೆ ಉಳಿಯಬಹುದು; ಮುಂದೆ ಅದೇ ಸಂಖ್ಯೆ ಬೇರೊಂದು ಪ್ರಕ್ರಿಯೆಗೆ ಸಿಕ್ಕಿದ್ದರೆ, ಸೇವೆ ಓಡುತ್ತಿದೆಯೆಂದು ಸ್ಕ್ರಿಪ್ಟ್ ತಪ್ಪಾಗಿ ತಿಳಿಯುತ್ತದೆ.

ಒಂಬತ್ತು ದಿನಗಳ ಅವಮಾನದ ನಂತರ ನಾನು ಅವಸರದಲ್ಲಿ ಬರೆದದ್ದು ಇಂತಹ ಸ್ಕ್ರಿಪ್ಟನ್ನೇ. ಸೋಲರನ್ನೂ, ಪುಟಗಳ ಪಠ್ಯವನ್ನು ಓದಿ ಅದಕ್ಕೆ ಉಣಿಸುವ ನನ್ನದೊಂದು ಪುಟ್ಟ ಜಾವಾ ಕಾರ್ಯಕ್ರಮವನ್ನೂ ಅದು ಎಬ್ಬಿಸುತ್ತಿತ್ತು. ಯಂತ್ರವನ್ನು ಮರಳಿ ಚಾಲೂ ಮಾಡಿ ನೋಡಿದೆ, ಎಲ್ಲವೂ ಎದ್ದವು. ಆ ವಾರ ಹೊಸ ಸಂಚಿಕೆಯನ್ನು ಸೇರಿಸಿದೆವು. ಅದರ ಒಂದು ಪದವೂ ಹುಡುಕಾಟದಲ್ಲಿ ಸಿಗಲಿಲ್ಲ. ಹಳೆಯ ಸಂಚಿಕೆಗಳು ಮಾತ್ರ ಸಿಗುತ್ತಿದ್ದವು.

ಕಾರಣ ತಿಳಿಯಲು ಎರಡು ರಾತ್ರಿ ಬೇಕಾಯಿತು. ನಾನು ಟರ್ಮಿನಲಿನಿಂದ ಕಾರ್ಯಕ್ರಮವನ್ನು ಓಡಿಸುವಾಗ ನನ್ನ ಲಾಗಿನ್‌ನೊಂದಿಗೆ ಲ್ಯಾಂಗ್ ಎಂಬ ಪರಿಸರ ಚರಾಕ್ಷರವೂ ಬರುತ್ತಿತ್ತು. ಪಠ್ಯವು ಯುಟಿಎಫ್-8 ಸಂಕೇತದಲ್ಲಿದೆ ಎಂದು ಜಾವಾಕ್ಕೆ ತಿಳಿಯುತ್ತಿದ್ದುದು ಅದರಿಂದಲೇ. ಯಂತ್ರ ಏಳುವ ಹೊತ್ತಿನಲ್ಲಿ ಲಾಗಿನ್ ಎಂಬುದಿಲ್ಲ, ಆ ಚರಾಕ್ಷರವೂ ಇಲ್ಲ. ಜಾವಾ ಪಠ್ಯವನ್ನು ಆಸ್ಕಿ ಎಂದು ಓದಿತು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಾಕ್ಷರಕ್ಕೂ 3 ಬೈಟುಗಳು. ಆ ಮೂರೂ ಬೈಟುಗಳು ಅರ್ಥವಿಲ್ಲದ ಬದಲಿ ಚಿಹ್ನೆಗಳಾಗಿ ಸೂಚಿಗೆ ಹೋದವು. ಇಂಗ್ಲಿಷ್ ಪಠ್ಯವಾಗಿದ್ದರೆ ಏನೂ ಆಗುತ್ತಿರಲಿಲ್ಲ. ಎಷ್ಟೋ ಕೈಪಿಡಿಗಳಲ್ಲಿ ಈ ಎಚ್ಚರಿಕೆ ಕಾಣದಿರುವುದಕ್ಕೆ ಇದೇ ಕಾರಣವೆಂದು ತೋರುತ್ತದೆ. 2022ರಲ್ಲಿ ಬಂದ ಜಾವಾ 18ರಿಂದ ಯುಟಿಎಫ್-8 ತಾನಾಗಿಯೇ ಜಾರಿಯಲ್ಲಿರುತ್ತದೆ. ಅದಕ್ಕಿಂತ ಹಳೆಯ ಜಾವಾ ಬಳಸುವವರು ಇಂದಿಗೂ ಜಾಗ್ರತೆ ವಹಿಸಬೇಕು.

ಸಿಸ್ಟಮ್‌ಡಿ ಬಂದ ಮೇಲೆ

ಲೆನಾರ್ಟ್ ಪೊಟ್ಟರಿಂಗ್ ಮತ್ತು ಕೇ ಸೀವರ್ಸ್ 2010ರಲ್ಲಿ ಆರಂಭಿಸಿದ ಸಿಸ್ಟಮ್‌ಡಿ ಈ ಚಿತ್ರವನ್ನು ಬದಲಿಸಿತು. 2011ರಲ್ಲಿ ಫೆಡೋರಾ 15, 2014ರಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7, 2015ರಲ್ಲಿ ಡೆಬಿಯನ್ 8 ಮತ್ತು ಉಬುಂಟು 15.04 ಅದನ್ನು ಅಳವಡಿಸಿಕೊಂಡವು. ಇಲ್ಲಿ ಶೆಲ್ ಸ್ಕ್ರಿಪ್ಟಿನ ಬದಲು ಯೂನಿಟ್ ಎಂಬ ಚಿಕ್ಕ ಕಡತವಿರುತ್ತದೆ. ಹೇಗೆ ಮಾಡಬೇಕೆಂಬುದನ್ನು ಬಿಟ್ಟು, ಏನು ಬೇಕೆಂಬುದನ್ನು ಅದರಲ್ಲಿ ಬರೆಯುತ್ತೇವೆ. ಕರ್ನಲಿನ ಸಿ-ಗ್ರೂಪ್ ಸೌಲಭ್ಯದಿಂದ ಸೇವೆಯ ಎಲ್ಲ ಪ್ರಕ್ರಿಯೆಗಳನ್ನೂ ಸಿಸ್ಟಮ್‌ಡಿ ಒಟ್ಟಿಗೆ ಗುರುತಿಸುವುದರಿಂದ ಹಳೆಯ ಸಂಖ್ಯೆಯ ತೊಡಕು ಬಹುಮಟ್ಟಿಗೆ ಇಲ್ಲವಾಗುತ್ತದೆ.

ಯೂನಿಟ್ ಕಡತಕ್ಕೆ ಮೂರು ಭಾಗಗಳು: ಯೂನಿಟ್, ಸರ್ವಿಸ್, ಇನ್‌ಸ್ಟಾಲ್. ಹುಡುಕು ಸೇವೆಗೆ ಮುಖ್ಯವಾದ ಸಾಲುಗಳನ್ನು ಒಂದೊಂದಾಗಿ ನೋಡೋಣ.

ಯೂಸರ್: ಸೇವೆಗೆಂದೇ ಪ್ರತ್ಯೇಕ ಬಳಕೆದಾರನನ್ನು ಸೃಷ್ಟಿಸಿ ಆ ಹೆಸರನ್ನು ಇಲ್ಲಿ ಬರೆಯಬೇಕು. ಎಲಾಸ್ಟಿಕ್‌ಸರ್ಚ್ ರೂಟ್ ಆಗಿ ಓಡಲು ಒಪ್ಪುವುದಿಲ್ಲ. ಸೋಲರ್ ಬಲವಂತ ಮಾಡಿದರೆ ಮಾತ್ರ ಒಪ್ಪುತ್ತದೆ. ಪರೀಕ್ಷೆಗೆಂದು ಒಮ್ಮೆ ಬಲವಂತದಿಂದ ಓಡಿಸಿದರೂ ಸೂಚಿಯ ಕೆಲವು ಕಡತಗಳು ರೂಟ್‌ನ ಪಾಲಾಗುತ್ತವೆ. ಆಮೇಲೆ ಸೇವೆಯ ಬಳಕೆದಾರನಿಗೆ ಅವುಗಳಲ್ಲಿ ಬರೆಯಲಾಗದೆ ಸೇವೆ ಏಳುವುದಿಲ್ಲ.

ಟೈಪ್ ಮತ್ತು ಎಕ್ಸೆಕ್‌ಸ್ಟಾರ್ಟ್: ಸೋಲರಿನ ಸ್ಟಾರ್ಟ್ ಆದೇಶವು ಬಹುಕಾಲದಿಂದ ಸೇವೆಯನ್ನು ಹಿನ್ನೆಲೆಗೆ ಕಳುಹಿಸಿ ತಾನು ಮುಗಿದುಬಿಡುವಂತೆ ಇದೆ. ಟೈಪ್ ಸಿಂಪಲ್ ಎಂದು ಬರೆದು ಆ ಆದೇಶವನ್ನೇ ಕೊಟ್ಟರೆ, ಮುಖ್ಯ ಪ್ರಕ್ರಿಯೆ ಮುಗಿಯಿತೆಂದು ಬಗೆದು ಸಿಸ್ಟಮ್‌ಡಿ ಉಳಿದದ್ದನ್ನೂ ಕೊನೆಗಾಣಿಸುತ್ತದೆ. ಆದ್ದರಿಂದ ಮುನ್ನೆಲೆಯಲ್ಲೇ ಓಡುವಂತೆ ಎಫ್ ಎಂಬ ಆಯ್ಕೆಯನ್ನು ಸೇರಿಸಬೇಕು; ಇಲ್ಲವಾದರೆ ಟೈಪ್ ಫೋರ್ಕಿಂಗ್ ಎಂದು ಬರೆದು ಪಿಐಡಿ ಕಡತದ ದಾರಿಯನ್ನು ತಿಳಿಸಬೇಕು. ಮೊದಲನೆಯದೇ ಸರಳ.

ಎನ್ವಿರಾನ್‌ಮೆಂಟ್: ಲ್ಯಾಂಗ್‌ಗೆ ಸಿ.ಯುಟಿಎಫ್-8 ಎಂಬ ಬೆಲೆಯನ್ನು ಇಲ್ಲಿ ಸ್ಪಷ್ಟವಾಗಿ ಕೊಡಬೇಕು. ಜಾವಾ ಎಲ್ಲಿದೆ, ಎಷ್ಟು ಮೆಮೊರಿ ಬಳಸಬೇಕು ಎಂಬುದನ್ನೂ ಇಲ್ಲಿಯೇ ಬರೆಯಬಹುದು. ಲಾಗಿನ್ ಆದಾಗ ಓದಲ್ಪಡುವ ನಿಮ್ಮ ಶೆಲ್ಲಿನ ಸಿದ್ಧತಾ ಕಡತಗಳನ್ನು ಸಿಸ್ಟಮ್‌ಡಿ ಓದುವುದಿಲ್ಲವೆಂಬುದನ್ನು ನೆನಪಿಡಬೇಕು.

ಲಿಮಿಟ್‌ನೋಫೈಲ್: ಸೂಚಿ ಎಂದರೆ ನೂರಾರು ಕಡತಗಳು. ತೆರೆದಿಡಬಹುದಾದ ಕಡತಗಳ ಮಿತಿ 65,000 ಇರಲೆಂದು ಸೋಲರ್ ಸಲಹೆ ಮಾಡುತ್ತದೆ. ಲಿಮಿಟ್ಸ್ ಕಡತದಲ್ಲಿ ಮಿತಿಯನ್ನು ಏರಿಸಿ, ಏಕೆ ಫಲಿಸಲಿಲ್ಲವೆಂದು ಚಿಂತಿಸುವವರು ಅನೇಕರು. ಆ ಕಡತ ಲಾಗಿನ್ ಅಧಿವೇಶನಗಳಿಗೆ ಮಾತ್ರ ಅನ್ವಯಿಸುತ್ತದೆ. ಸೇವೆಯ ಮಿತಿಯನ್ನು ಯೂನಿಟ್ಟಿನಲ್ಲೇ ಬರೆಯಬೇಕು.

ಟೈಮ್‌ಔಟ್‌ಸ್ಟಾಪ್‌ಸೆಕ್: ನಿಲ್ಲಿಸುವಾಗ ಸಿಸ್ಟಮ್‌ಡಿ ಮೊದಲು ಸಿಗ್‌ಟರ್ಮ್ ಎಂಬ ಮೃದು ಸಂಕೇತ ಕಳುಹಿಸಿ, ಸಾಮಾನ್ಯವಾಗಿ 90 ಸೆಕೆಂಡು ಕಾದು, ಆಮೇಲೂ ಪ್ರಕ್ರಿಯೆ ಉಳಿದಿದ್ದರೆ ಸಿಗ್‌ಕಿಲ್ ಕಳುಹಿಸಿ ಕೊಲ್ಲುತ್ತದೆ. ಬರೆಯುವ ಕೆಲಸ ಬಾಕಿಯಿರುವ ಸೂಚಿಗೆ ಆ ಅವಧಿ ಸಾಲದಿರಬಹುದು. ಸೋಲರಿನ ಸ್ವಂತ ಸ್ಕ್ರಿಪ್ಟ್ 180 ಸೆಕೆಂಡು ಕಾಯುತ್ತದೆ. ನಾನು 200 ಎಂದು ಬರೆದಿದ್ದೇನೆ.

ಸಕ್ಸೆಸ್‌ಎಕ್ಸಿಟ್‌ಸ್ಟೇಟಸ್: ಸಿಗ್‌ಟರ್ಮ್‌ನ ಸಂಖ್ಯೆ 15. ಅದನ್ನು ಪಡೆದ ಜಾವಾ ಕ್ರಮಬದ್ಧವಾಗಿ ಮುಗಿದು 128 ಮತ್ತು 15ರ ಮೊತ್ತವಾದ 143 ಎಂಬ ಸಂಖ್ಯೆಯನ್ನು ಹಿಂತಿರುಗಿಸುತ್ತದೆ. ಅದು ಸಹಜವೆಂದು ಇಲ್ಲಿ ಬರೆಯದಿದ್ದರೆ, ನಾವೇ ನಿಲ್ಲಿಸಿದ ಸೇವೆಯೂ ವಿಫಲವಾಯಿತೆಂದು ಕೆಂಪು ಅಕ್ಷರದಲ್ಲಿ ಕಾಣುತ್ತದೆ. ಸುಳ್ಳು ಕೆಂಪು ರೂಢಿಯಾದರೆ ನಿಜವಾದ ಕೆಂಪನ್ನು ಯಾರೂ ಗಮನಿಸುವುದಿಲ್ಲ.

ರೀಸ್ಟಾರ್ಟ್: ಆನ್-ಫೇಲ್ಯೂರ್ ಎಂದು ಬರೆದರೆ ಕುಸಿದ ಸೇವೆ ತಾನಾಗಿ ಏಳುತ್ತದೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ವಾಡಿಕೆಯಂತೆ 10 ಸೆಕೆಂಡಿನೊಳಗೆ 5 ಬಾರಿ ಎಬ್ಬಿಸಿದರೆ ಸಿಸ್ಟಮ್‌ಡಿ ಮತ್ತೆ ಎಬ್ಬಿಸುವುದನ್ನು ಕೈಬಿಡುತ್ತದೆ. ನಾವು ಪ್ರಯತ್ನಗಳ ನಡುವೆ 10 ಸೆಕೆಂಡು ಬಿಡುವು ಕೊಟ್ಟರೆ ಆ ಮಿತಿ ಎಂದಿಗೂ ಮುಟ್ಟುವುದಿಲ್ಲ. ಕೆಟ್ಟ ಸೂಚಿಯೊಂದಿಗೆ ಸೇವೆ ಬೆಳಗಿನವರೆಗೂ ಬೀಳುತ್ತ ಏಳುತ್ತ ಇರುತ್ತದೆ. ಆದ್ದರಿಂದ ಯೂನಿಟ್ ಭಾಗದಲ್ಲಿ ಸ್ಟಾರ್ಟ್‌ಲಿಮಿಟ್‌ಇಂಟರ್ವಲ್‌ಸೆಕ್ ಅನ್ನು 300ಕ್ಕೆ ಏರಿಸಬೇಕು.

ವಾಂಟೆಡ್‌ಬೈ: ಇನ್‌ಸ್ಟಾಲ್ ಭಾಗದಲ್ಲಿ ಮಲ್ಟಿ-ಯೂಸರ್ ಟಾರ್ಗೆಟ್ ಎಂದು ಬರೆಯಬೇಕು. ಕಡತವನ್ನು ಉಳಿಸಿದ ಮೇಲೆ ಡೇಮನ್-ರೀಲೋಡ್ ಆದೇಶ ಕೊಟ್ಟು, ಅನಂತರ ಸ್ಟಾರ್ಟ್ ಮತ್ತು ಎನೇಬಲ್ ಎರಡನ್ನೂ ಕೊಡಬೇಕು. ಸ್ಟಾರ್ಟ್ ಈಗ ಎಬ್ಬಿಸುತ್ತದೆ. ಯಂತ್ರ ಎದ್ದಾಗಲೆಲ್ಲ ಸೇವೆಯೂ ಏಳಲಿ ಎಂಬುದಕ್ಕೆ ಎನೇಬಲ್ ಬೇಕು. ಎರಡನೆಯದನ್ನು ಮರೆತವರಿಗೆ ನನ್ನ ಒಂಬತ್ತು ದಿನಗಳೇ ಕಾದಿರುತ್ತವೆ.

ಓಡುತ್ತಿದೆಯೇ, ಉತ್ತರಿಸುತ್ತಿದೆಯೇ

ಟೈಪ್ ಸಿಂಪಲ್ ಇದ್ದಾಗ ಪ್ರಕ್ರಿಯೆ ಹುಟ್ಟಿದೊಡನೆ ಸೇವೆ ಆರಂಭವಾಯಿತೆಂದು ಸಿಸ್ಟಮ್‌ಡಿ ಲೆಕ್ಕ ಹಾಕುತ್ತದೆ. ಸೇವೆ ನಿಜಕ್ಕೂ ಸಿದ್ಧವಾಗುವವರೆಗೆ ಕಾಯಬೇಕಾದರೆ ಎಕ್ಸೆಕ್‌ಸ್ಟಾರ್ಟ್‌ಪೋಸ್ಟ್ ಸಾಲಿನಲ್ಲಿ ಒಂದು ಪುಟ್ಟ ಸ್ಕ್ರಿಪ್ಟನ್ನು ಕರೆಯಬಹುದು: 8983ನೆಯ ಪೋರ್ಟನ್ನು ಕರ್ಲ್ ಮೂಲಕ ಎರಡೆರಡು ಸೆಕೆಂಡಿಗೊಮ್ಮೆ ವಿಚಾರಿಸುತ್ತ, ಉತ್ತರ ಬಂದಾಗ ಅದು ಮುಗಿಯಬೇಕು. ಸೂಚಿ ದೊಡ್ಡದಾದರೆ ಟೈಮ್‌ಔಟ್‌ಸ್ಟಾರ್ಟ್‌ಸೆಕ್ ಅನ್ನೂ 90ರಿಂದ ಮೇಲಕ್ಕೆ ಏರಿಸಬೇಕು.

ಉತ್ತರ ಬಂದಿತೆಂಬುದರಿಂದ ಅದು ಸರಿಯಾದ ಉತ್ತರವೆಂದು ಆಗುವುದಿಲ್ಲ. ಸೂಚಿಯಲ್ಲಿ ಬದಲಿ ಚಿಹ್ನೆಗಳು ತುಂಬಿದ್ದ ದಿನಗಳಲ್ಲಿಯೂ ನಮ್ಮ ಸೇವೆ ತಪ್ಪದೆ ಉತ್ತರಿಸುತ್ತಿತ್ತು. ಅದಕ್ಕಾಗಿ ಈಗ ಪ್ರತ್ಯೇಕ ಟೈಮರ್ ಯೂನಿಟ್ ಒಂದನ್ನು ಇಟ್ಟಿದ್ದೇನೆ. ಅದು ಗಂಟೆಗೊಮ್ಮೆ ಪ್ರತಿ ಸಂಚಿಕೆಯಿಂದಲೂ ಮೊದಲೇ ಆರಿಸಿದ ಒಂದು ಕನ್ನಡ ಪದವನ್ನು ಹುಡುಕುತ್ತದೆ. ಯಾವುದಕ್ಕಾದರೂ ಸೊನ್ನೆ ಬಂದರೆ ನಮಗೆ ಅಂಚೆ ಕಳುಹಿಸುತ್ತದೆ. ಇದನ್ನು ಆರಂಭದ ಸ್ಕ್ರಿಪ್ಟಿನೊಳಗೇ ಸೇರಿಸುವುದು ಸಲ್ಲ. ಸೂಚಿಯ ದೋಷ ಸೇವೆಯನ್ನು ಮತ್ತೆ ಎಬ್ಬಿಸಿದರೆ ವಾಸಿಯಾಗುವಂಥದ್ದಲ್ಲ. ಜಾಲತಾಣದ ಪುಟವನ್ನೂ ತಿದ್ದಿದೆ: ಸೇವೆ ಸಿಗದಿದ್ದರೆ "ಹುಡುಕಾಟ ಈಗ ಲಭ್ಯವಿಲ್ಲ, ದಯವಿಟ್ಟು ನಂತರ ಪ್ರಯತ್ನಿಸಿ" ಎಂದು ತೋರಿಸುತ್ತದೆ.

ಪರೀಕ್ಷೆ ಮತ್ತು ಹಸ್ತಾಂತರ

ಯೂನಿಟ್ ಕಡತವನ್ನು ಪರೀಕ್ಷಿಸುವ ಕ್ರಮ ಇದು. ಮೊದಲು ಸಿಸ್ಟಮ್‌ಡಿ-ಅನಲೈಜ್ ವೆರಿಫೈ ಆದೇಶದಿಂದ ಬರವಣಿಗೆಯ ತಪ್ಪುಗಳನ್ನು ನೋಡಬೇಕು. ಆಮೇಲೆ ಸೇವೆಯನ್ನು ಎಬ್ಬಿಸಿ, ಜರ್ನಲ್‌ಸಿಟಿಎಲ್‌ನಲ್ಲಿ ಅದರ ದಾಖಲೆಯನ್ನು ಓದಬೇಕು. ಮೂರನೆಯದಾಗಿ, ಜಾವಾ ಪ್ರಕ್ರಿಯೆಗೆ ಬೇಕೆಂದೇ ಸಿಗ್‌ಕಿಲ್ ಕಳುಹಿಸಿ, ಸೇವೆ ತಾನಾಗಿ ಏಳುವುದೇ ಎಂದು ನೋಡಬೇಕು. ಕೊನೆಯದಾಗಿ, ಯಂತ್ರವನ್ನೇ ಮರಳಿ ಚಾಲೂ ಮಾಡಿ, ಲಾಗಿನ್ ಆಗದೆ, ಬೇರೊಂದು ಗಣಕದ ಬ್ರೌಸರಿನಿಂದ ಒಂದು ಕನ್ನಡ ಪದವನ್ನು ಹುಡುಕಬೇಕು. ಈ ಕೊನೆಯ ಪರೀಕ್ಷೆಯನ್ನು ಬಿಡುವಂತಿಲ್ಲ.

ನಮ್ಮ ಕೂಟಗಳಲ್ಲಿ ಇಂತಹ ಕೆಲಸ ಮಾಡುವವರು ಸಂಬಳದ ನೌಕರರಲ್ಲ. ಕೆಲಸ ಬದಲಾಗಿ ಊರು ಬಿಡುತ್ತಾರೆ, ವಯಸ್ಸಾದ ತಂದೆತಾಯಿಗಳನ್ನು ನೋಡಿಕೊಳ್ಳಲು ಭಾರತಕ್ಕೆ ಹಿಂತಿರುಗುತ್ತಾರೆ. ಅವರ ನೆನಪಿನಲ್ಲಿದ್ದ ಆದೇಶಗಳೂ ಅವರೊಡನೆ ಹೋಗುತ್ತವೆ. ಯೂನಿಟ್ ಕಡತದಲ್ಲಿ # ಚಿಹ್ನೆಯಿಂದ ಆರಂಭವಾಗುವ ಸಾಲುಗಳನ್ನು ಸಿಸ್ಟಮ್‌ಡಿ ಲೆಕ್ಕಿಸುವುದಿಲ್ಲ. ಪ್ರತಿ ಸಾಲಿನ ಮೇಲೂ ಅದು ಏಕೆ ಅಲ್ಲಿದೆಯೆಂದು ನಾನು ಕನ್ನಡದಲ್ಲಿಯೇ ಬರೆದಿಟ್ಟಿದ್ದೇನೆ. ಕಳೆದ ವರ್ಷ ಈ ಹೊಣೆಯನ್ನು ಕಿರಿಯ ಸದಸ್ಯರೊಬ್ಬರಿಗೆ ಒಪ್ಪಿಸಿದೆ. ಅವರು ಸರ್ವರನ್ನು ಎರಡು ಬಾರಿ ಹೊಸ ಯಂತ್ರಕ್ಕೆ ಸಾಗಿಸಿದ್ದಾರೆ. ನನಗೆ ತಿಳಿದದ್ದು ಕೆಲಸ ಮುಗಿದ ಮೇಲೆ.

ತಂದೆಯವರ ಪ್ರಬಂಧವನ್ನು ಹುಡುಕಿದ ಆ ಸದಸ್ಯೆಗೆ, ಸೂಚಿ ಸರಿಯಾದ ದಿನವೇ ನಾನು ದೂರವಾಣಿ ಮಾಡಿ ಮತ್ತೊಮ್ಮೆ ಹುಡುಕಲು ಕೇಳಿಕೊಂಡೆ. ಪ್ರಬಂಧ ಮೊದಲಿನಿಂದಲೂ ಸಂಗ್ರಹದಲ್ಲಿಯೇ ಇತ್ತು.