ನಮ್ಮ ಹಿತ್ತಲಿಗೆ ಮೆಣಸಿನಕಾಯಿ ಬಂದದ್ದು ಎಲ್ಲಿಂದ?

ಶಿವರಾತ್ರಿ ಕಳೆದು ಚಳಿ ಹೋಯಿತೆಂದರೆ ನಮ್ಮ ಕಡೆ ಹಿತ್ತಲಲ್ಲಿ ಕೆಲಸ ಶುರು. ಬಚ್ಚಲ ನೀರು ಹರಿಯುವ ಕಡೆ ಮಡಿ ಮಾಡಿ, ಕೊಟ್ಟಿಗೆ ಗೊಬ್ಬರ ಹಾಕಿ, ಹೀರೆ, ಸೌತೆ, ಬೆಂಡೆ, ಕುಂಬಳದ ಬೀಜ ಊರುತ್ತೇವೆ. ಪಕ್ಕದಲ್ಲಿ ನಾಲ್ಕು ಮೆಣಸಿನ ಸಸಿ, ನಾಲ್ಕು ಬದನೆ ಸಸಿ. ಇವೆಲ್ಲ ತಲೆತಲಾಂತರದಿಂದ ನಮ್ಮವೇ ಅಂದುಕೊಂಡಿದ್ದೇವೆ. ಆದರೆ ಇವುಗಳಲ್ಲಿ ಕೆಲವು ಈ ನೆಲದವು, ಕೆಲವು ಹಡಗು ಹತ್ತಿ ಬಂದವು.

ಬದನೆ, ಸೌತೆ, ಹೀರೆ ನಮ್ಮ ದೇಶದ ಹಳಬರು. 1508ರ ಸುಮಾರಿಗೆ ಮೂರನೇ ಮಂಗರಸ ಎಂಬ ಕವಿ ಕನ್ನಡದಲ್ಲಿ 'ಸೂಪಶಾಸ್ತ್ರ' ಎಂಬ ಅಡುಗೆ ಪುಸ್ತಕ ಬರೆದ. ಅದರಲ್ಲಿ ಬದನೆಕಾಯಿ ಅಡುಗೆಗೆಂದೇ ಒಂದು ಅಧ್ಯಾಯವಿದೆ. ಆದರೆ ಅದರಲ್ಲಿ ಮೆಣಸಿನಕಾಯಿ ಇಲ್ಲ, ಟೊಮೆಟೊ ಇಲ್ಲ, ಆಲೂಗಡ್ಡೆಯೂ ಇಲ್ಲ. ಇರಲು ಸಾಧ್ಯವೂ ಇರಲಿಲ್ಲ. ಆಗಿನ್ನೂ ಅವು ನಮ್ಮ ಅಡುಗೆಮನೆ ಮುಟ್ಟಿರಲಿಲ್ಲ.

ಈ ಮೂರರ ತವರೂ ಅಮೆರಿಕ ಖಂಡ. 1492ರಲ್ಲಿ ಕೊಲಂಬಸ್ ಆ ಕಡೆ ಹೋದ ಮೇಲೆಯೇ ಅವು ಸಮುದ್ರ ದಾಟಿದ್ದು. 1498ರಲ್ಲಿ ವಾಸ್ಕೋ ಡ ಗಾಮ ಕೇರಳದ ಕರಾವಳಿಗೆ ಬಂದ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಅವರು ಬಂದದ್ದು ನಮ್ಮ ಕಾಳುಮೆಣಸು ಒಯ್ಯಲು. ಬರುವಾಗ ತಂದದ್ದು ಮೆಣಸಿನಕಾಯಿ!

ಈ ಕತೆಗೆ ನಮ್ಮ ಮಾತೇ ಸಾಕ್ಷಿ. ಮೊದಲು ಖಾರ ಅಂದರೆ ಮೆಣಸು. ಹೊಸದಾಗಿ ಬಂದ ಕಾಯಿಯೂ ಖಾರವಿತ್ತು, ಅದು 'ಮೆಣಸಿನಕಾಯಿ' ಆಯಿತು. ಪರಂಗಿಯವರ ಕಾಲದಲ್ಲಿ ಬಂದ ಪಪ್ಪಾಯಿಯನ್ನು ಈಗಲೂ 'ಪರಂಗಿ ಹಣ್ಣು' ಅನ್ನುತ್ತೇವೆ. 'ಸೀಮೆಬದನೆ'ಯ ಸೀಮೆ ಅಂದರೆ ಪರದೇಶ. ಅದರ ಮೂಲ ಮೆಕ್ಸಿಕೊ ಕಡೆ. ಸಿಹಿಗುಂಬಳವೂ ಅಮೆರಿಕದ್ದೇ. ಬೂದುಗುಂಬಳ ಮಾತ್ರ ಏಷ್ಯಾದ್ದು.

ಹಾಗಾದರೆ ಪರದೇಶದ ಗಿಡ ನಮ್ಮದಾದದ್ದು ಹೇಗೆ? ಬೀಜ ಇಟ್ಟುಕೊಂಡದ್ದರಿಂದ. ಚೆನ್ನಾಗಿ ಬಂದ ಗಿಡದ ಮೊದಲ ಒಳ್ಳೆ ಕಾಯಿಯನ್ನು ಕೀಳದೆ ಬಿಟ್ಟು, ಹಣ್ಣಾದ ಮೇಲೆ ಬೀಜ ತೆಗೆದು, ಬೂದಿ ಹಚ್ಚಿ ಗಡಿಗೆಗೆ ಹಾಕಿದರು. ಕುಂಬಳದ ಬೀಜವನ್ನು ಸಗಣಿಯಲ್ಲಿ ಸೇರಿಸಿ ಗೋಡೆಗೆ ತಟ್ಟಿದರು. ವರ್ಷ ವರ್ಷ ಹೀಗೆ ಆರಿಸಿದ್ದಕ್ಕೆ ಗಿಡ ನಮ್ಮ ಮಣ್ಣಿಗೆ, ಬಿಸಿಲಿಗೆ, ಬಾಯಿ ರುಚಿಗೆ ಒಗ್ಗಿತು. ಅಮೆರಿಕದ ಆ ಕಾಯಿ ಹಾವೇರಿ ಸೀಮೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯಾಗಿ, 2011ರಲ್ಲಿ ಜಿಐ ಮಾನ್ಯತೆಯನ್ನೂ ಪಡೆಯಿತು. ಈ ಕೆಲಸ ಮಾಡಿದವರಲ್ಲಿ ಹೆಚ್ಚಿನವರು ಹೆಂಗಸರು. ಅವರ ಹೆಸರು ಯಾವ ಶಾಸನದಲ್ಲೂ ಇಲ್ಲ.

ನಮ್ಮ ಮನೆಯಲ್ಲೂ ಅಜ್ಜಿಯ ಬೀಜದ ಗಡಿಗೆ ಇತ್ತು. ಹಳೆ ಮನೆ ಕೆಡವಿ ಆರ್‌ಸಿಸಿ ಕಟ್ಟಿಸುವಾಗ ಅಟ್ಟದ ಜೊತೆ ಅದೂ ಹೋಯಿತು. ಬಿಳಿ ಬದನೆ, ಗಿಡ್ಡ ಸೌತೆಯ ಬೀಜ ಅದರಲ್ಲಿತ್ತು. ಆಮೇಲೆ ಊರಲ್ಲೆಲ್ಲ ಕೇಳಿದೆವು, ಯಾರ ಹತ್ತಿರವೂ ಸಿಗಲಿಲ್ಲ. ಕಳೆದ ವರ್ಷ ಪ್ಯಾಕೆಟ್ಟಿನ ಟೊಮೆಟೊ ಬೆಳೆದು, ಅದರದೇ ಬೀಜ ತೆಗೆದು ಹಾಕಿದೆವು. ಒಂದು ಗಿಡದಲ್ಲಿ ಗೋಲಿಯಷ್ಟು ಕಾಯಿ, ಇನ್ನೊಂದರಲ್ಲಿ ಸೊಟ್ಟ ಕಾಯಿ. ಅದು ಹೈಬ್ರಿಡ್. ಎರಡು ಬೇರೆ ತಳಿ ಕೂಡಿಸಿ ಮಾಡಿದ ಬೀಜ ಮೊದಲ ಬೆಳೆಗೆ ಒಂದೇ ಸಮ ಬರುತ್ತದೆ, ಮರುವರ್ಷ ಗುಣ ಚದುರುತ್ತದೆ.

ಹೈಬ್ರಿಡ್ ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ಮಾರಾಟಕ್ಕೆ ಬೆಳೆಯುವವರಿಗೆ ಅದರ ಲಾಭ ಗೊತ್ತು. ಆದರೆ ಮನೆಯ ಹಿತ್ತಲಿಗೆ ಪ್ರತಿ ವರ್ಷ ಬೀಜ ಕೊಳ್ಳಬೇಕಾಗಿಲ್ಲ. ಪ್ಯಾಕೆಟ್ಟಿನ ಮೇಲೆ 'ಎಫ್‌1' ಅಥವಾ 'ಹೈಬ್ರಿಡ್' ಅಂತ ಇದೆಯೇ ನೋಡಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಅರ್ಕಾ ಅನಾಮಿಕ' ಬೆಂಡೆಯಂಥ ತಳಿಯಾದರೆ ಬೀಜ ಉಳಿಸಿಕೊಳ್ಳಬಹುದು. 2001ರ ಕೇಂದ್ರ ಕಾಯ್ದೆಯೂ ಬೀಜ ಉಳಿಸುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು ರೈತರಿಗೆ ಕೊಟ್ಟಿದೆ.

ಈ ಯುಗಾದಿಗೆ ಬೇವುಬೆಲ್ಲ ಕೊಡಲು ಅಕ್ಕಪಕ್ಕದ ಮನೆಗೆ ಹೋದಾಗ, ಅಲ್ಲಿನ ಅಜ್ಜಿಯನ್ನು ಒಂದು ಮಾತು ಕೇಳಿ: "ಅಜ್ಜಿ, ಹಳೆ ಬೀಜ ಏನಾದರೂ ಇದೆಯಾ?" ಸಿಕ್ಕರೆ ಒಂದು ಹಿಡಿ ತಂದು ಊರಿ. ಕಾಯಿ ಬಂದಾಗ ಒಂದನ್ನು ಬೀಜಕ್ಕೆ ಬಿಡಿ.